ಬೆಂಗಳೂರಿನಿಂದ ದಿಲ್ಲಿ ಎಷ್ಟು ದೂರ, ಎಷ್ಟು ಹೊತ್ತು: ವಿಮಾನ ಪ್ರಯಾಣದ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ದಿಲ್ಲಿ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 1,740 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 1,710, ಮತ್ತೊಂದು ಕಡೆ 2,150. ರೈಲಿನ ವೇಳಾಪಟ್ಟಿ ತೆರೆದರೆ ಅಂಕಿ 2,400ರ ಹತ್ತಿರ ಹೋಗಿ ನಿಲ್ಲುತ್ತದೆ. ಸಮಯದ ಕಥೆಯೂ ಇದೇ. ಟಿಕೆಟಿನಲ್ಲಿ ಎರಡು ಗಂಟೆ ಐವತ್ತು ನಿಮಿಷ ಎಂದು ಅಚ್ಚಾಗಿರುತ್ತದೆ, ವಿಮಾನ ಏರಿದ ಮೇಲೆ ಪೈಲಟ್ ಎರಡೂಕಾಲು ಗಂಟೆ ಎನ್ನುತ್ತಾರೆ, ಮನೆ ಬಿಟ್ಟು ಮನೆ ಸೇರುವಷ್ಟರಲ್ಲಿ ಏಳು ಗಂಟೆ ಮೀರಿರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಒಂದೊಂದು ಜಾಗದಿಂದ ಶುರುವಾಗಿ ಒಂದೊಂದು ಜಾಗದಲ್ಲಿ ಮುಗಿಯುತ್ತದೆ, ಅಷ್ಟೇ. ಆ ಜಾಗಗಳು ಯಾವುವೆಂದು ಅಂಕಿಯ ಪಕ್ಕದಲ್ಲಿ ಯಾರೂ ಬರೆದಿರುವುದಿಲ್ಲ.

ಶಿವಮೊಗ್ಗದ ನನ್ನ ಸೋದರಮಾವ ಮೊದಲ ಸಲ ವಿಮಾನ ಹತ್ತಿ ದಿಲ್ಲಿಯ ಮಗಳ ಮನೆಗೆ ಹೊರಟಾಗ ಕೇಳಿದ್ದು ಒಂದೇ ಪ್ರಶ್ನೆ: "ಅಳಿಯಂದಿರಿಗೆ ಎಷ್ಟು ಹೊತ್ತಿಗೆ ಬನ್ನಿ ಅಂತ ಹೇಳಲಿ?" ದೂರವೆಷ್ಟು, ವೇಗವೆಷ್ಟು ಎಂಬ ಕುತೂಹಲ ಅವರಿಗಿರಲಿಲ್ಲ. ಆದರೆ ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರಿಸಬೇಕಾದರೆ ಉಳಿದ ಎಲ್ಲವನ್ನೂ ಲೆಕ್ಕ ಹಾಕಲೇಬೇಕಾಯಿತು. ಒಂದು ಮದುವೆ ಕರೆಯೋಲೆಯ ಹಿಂಬದಿಯಲ್ಲಿ ನಾವಿಬ್ಬರೂ ಕುಳಿತು ಹಾಕಿದ ಆ ಲೆಕ್ಕವನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸಿದ್ದೇನೆ. ಊರು ಬೇರೆಯಾದರೂ ಕ್ರಮ ಇದೇ.

ಮೊದಲ ಹೆಜ್ಜೆ: ಎಲ್ಲಿಂದ ಎಲ್ಲಿಗೆ ಎಂದು ಗೊತ್ತುಮಾಡಿಕೊಳ್ಳುವುದು

ಮೇಲೆ ಹೇಳಿದ 1,740 ಎಂಬುದು ಬೆಂಗಳೂರಿನ ನಡುಮಧ್ಯದಿಂದ ದಿಲ್ಲಿಯ ನಡುಮಧ್ಯಕ್ಕೆ ಎಳೆದ ನೇರ ಗೆರೆಯ ಉದ್ದ. 1,710 ಎಂಬುದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದಿಲ್ಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣಕ್ಕಿರುವ ಗೆರೆ. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ, ದಿಲ್ಲಿಯ ನಿಲ್ದಾಣ ಆ ನಗರದ ನೈಋತ್ಯಕ್ಕಿದೆ. ಎರಡೂ ಪರಸ್ಪರ ಹತ್ತಿರ ಸರಿದಿರುವುದರಿಂದ ಮೂವತ್ತು ಕಿಲೋಮೀಟರ್ ಉಳಿಯಿತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದುದರಿಂದ ಈ ಉಳಿತಾಯವೂ ಇರಲಿಲ್ಲ. ಅದನ್ನು ಗಳಿಸಲು ನಗರದವರು ರಸ್ತೆಯಲ್ಲಿ ಕಳೆಯುವ ಹೊತ್ತಿನ ಮಾತು ಮುಂದೆ ಬರುತ್ತದೆ.

2,150 ಎಂಬುದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾಗಳ ಮೂಲಕ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯ ದಾರಿ. ರೈಲು ಮಾರ್ಗ ಇನ್ನೂ ಬಳಸಿ ಹೋಗುತ್ತದೆ. ಆದ್ದರಿಂದ ವಿಮಾನದ ಸಮಯ ಅಂದಾಜು ಮಾಡಬೇಕಿದ್ದರೆ ನಿಲ್ದಾಣದಿಂದ ನಿಲ್ದಾಣಕ್ಕಿರುವ ಅಂಕಿಯನ್ನೇ ಹಿಡಿಯಬೇಕು. ರಸ್ತೆಯ ಅಂಕಿಯನ್ನು ವಿಮಾನದ ವೇಗದಿಂದ ಭಾಗಿಸಿ ತಪ್ಪು ಉತ್ತರ ಪಡೆಯುವವರನ್ನು ನಾನು ಬಹಳ ಕಂಡಿದ್ದೇನೆ.

ಎರಡನೇ ಹೆಜ್ಜೆ: ದೂರವನ್ನು ಕೈಯಾರೆ ಅಳೆಯುವುದು

ಯಾವುದೇ ಎರಡು ಊರುಗಳ ನಡುವಿನ ನೇರ ದೂರವನ್ನು ಅವುಗಳ ಅಕ್ಷಾಂಶ ಮತ್ತು ರೇಖಾಂಶಗಳಿಂದ ಕಂಡುಹಿಡಿಯಬಹುದು. ಮೊಬೈಲಿನ ನಕ್ಷೆಯಲ್ಲಿ ನಿಲ್ದಾಣದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಈ ಎರಡು ಅಂಕಿಗಳು ಕಾಣಿಸುತ್ತವೆ. ಬೆಂಗಳೂರು ನಿಲ್ದಾಣದ್ದು 13.20 ಉತ್ತರ, 77.71 ಪೂರ್ವ, ದಿಲ್ಲಿಯದ್ದು 28.57 ಉತ್ತರ, 77.10 ಪೂರ್ವ. ರೇಖಾಂಶಗಳನ್ನು ಒಮ್ಮೆ ಗಮನಿಸಿ: ಎರಡೂ 77ರಲ್ಲೇ ಇವೆ. ಅಂದರೆ ದಿಲ್ಲಿಯು ಬೆಂಗಳೂರಿನ ತಲೆಯ ಮೇಲೆ, ಹೆಚ್ಚುಕಡಿಮೆ ನೇರ ಉತ್ತರಕ್ಕೆ ಕುಳಿತಿದೆ. ಈ ಗೆರೆಯನ್ನು ನಕ್ಷೆಯಲ್ಲಿ ಎಳೆದರೆ ಅದು ಬೀದರಿನ ನೆತ್ತಿಯ ಮೇಲೆ ಹಾದು, ಭೋಪಾಲದ ಬಗಲಿಗೆ ಬಂದು, ದಿಲ್ಲಿ ಸೇರುತ್ತದೆ. ಬೀದರಿನವರು ಬೆಂಗಳೂರಿಗೆ ಬಂದು ದಿಲ್ಲಿಯ ವಿಮಾನ ಹತ್ತಿದರೆ, ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಬಂದ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಹಿಂದಕ್ಕೆ ಹಾರಿದ ಹಾಗೆ.

ಉತ್ತರ-ದಕ್ಷಿಣದ ಲೆಕ್ಕ ಬಹಳ ಸುಲಭ. ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶವೆಂದರೆ ಎಲ್ಲೇ ಆದರೂ ಸುಮಾರು 111.2 ಕಿ.ಮೀ. ಎರಡು ಊರುಗಳ ಅಕ್ಷಾಂಶಗಳ ವ್ಯತ್ಯಾಸ 15.37 ಡಿಗ್ರಿ. ಗುಣಿಸಿದರೆ 1,709. ರೇಖಾಂಶದ ಅರ್ಧ ಡಿಗ್ರಿಯಷ್ಟು ಓರೆಯನ್ನು ಸೇರಿಸಿದರೆ ಒಂದು ಕಿಲೋಮೀಟರ್ ಮಾತ್ರ ಹೆಚ್ಚುತ್ತದೆ. ಕರೆಯೋಲೆಯ ಹಿಂದೆ ಇಷ್ಟನ್ನು ಗುಣಿಸಿದಾಗ ಮಾವ ನಂಬಲಿಲ್ಲ. ಮೊಬೈಲಿನಲ್ಲಿ ಅದೇ 1,710 ಕಂಡ ಮೇಲೆ "ಶಾಲೆಯಲ್ಲಿ ಈ ಅಕ್ಷಾಂಶ ರೇಖಾಂಶ ಯಾಕೆ ಕಲಿಸುತ್ತಿದ್ದರು ಅಂತ ಇವತ್ತು ಗೊತ್ತಾಯಿತು ನೋಡು" ಎಂದರು.

ಊರುಗಳು ಪೂರ್ವ-ಪಶ್ಚಿಮವಾಗಿದ್ದರೆ ಇನ್ನೊಂದು ಗುಣಾಕಾರ ಬೇಕಾಗುತ್ತದೆ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುವುದರಿಂದ, ಒಂದು ಡಿಗ್ರಿ ರೇಖಾಂಶವು ಬೆಂಗಳೂರಿನಲ್ಲಿ 108 ಕಿ.ಮೀ. ಇದ್ದರೆ ದಿಲ್ಲಿಯಲ್ಲಿ 98ಕ್ಕೆ ಇಳಿಯುತ್ತದೆ. 111.2ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದರೆ ಆ ಜಾಗದ ಅಳತೆ ಸಿಗುತ್ತದೆ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಕೊಸೈನ್ ಗುಂಡಿ ಕಾಣಿಸುತ್ತದೆ. ಬೆಂಗಳೂರು-ಕೋಲ್ಕತ್ತ ಉದಾಹರಣೆ ನೋಡೋಣ. ಕೋಲ್ಕತ್ತ ನಿಲ್ದಾಣ 22.65 ಉತ್ತರ, 88.45 ಪೂರ್ವ. ಅಕ್ಷಾಂಶದ ವ್ಯತ್ಯಾಸ 9.45 ಡಿಗ್ರಿ, ಅಂದರೆ 1,051 ಕಿ.ಮೀ. ರೇಖಾಂಶದ ವ್ಯತ್ಯಾಸ 10.74 ಡಿಗ್ರಿ, ಎರಡೂ ಊರುಗಳ ನಡುವಿನ ಸರಾಸರಿ ಅಕ್ಷಾಂಶ 18ರ ಹತ್ತಿರವಿದ್ದು ಅದರ ಕೊಸೈನ್ 0.951 ಆಗಿರುವುದರಿಂದ 10.74ನ್ನು 111.2 ಮತ್ತು 0.951ರಿಂದ ಗುಣಿಸಿದರೆ 1,136 ಕಿ.ಮೀ. ಈಗ ಇವೆರಡನ್ನೂ ಲಂಬಕೋನ ತ್ರಿಕೋನದ ಎರಡು ಬಾಹುಗಳೆಂದು ಭಾವಿಸಿ, ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದರೆ 1,548 ಬರುತ್ತದೆ. ಗೋಳದ ಮೇಲಿನ ನಿಖರವಾದ ಸೂತ್ರ ಕೊಡುವ ಉತ್ತರ 1,546. ಎರಡು ಕಿಲೋಮೀಟರಿನ ತಪ್ಪಿಗೆ ಯಾರೂ ಬೇಸರಿಸಬೇಕಿಲ್ಲ. ದೇಶದೊಳಗಿನ ಯಾವ ಪ್ರಯಾಣಕ್ಕೂ ಈ ವಿಧಾನ ಸಾಕು.

ದೂರದ ಊರುಗಳಿಗೆ ಇದು ಸಾಲದು, ಏಕೆಂದರೆ ಅಲ್ಲಿ ಭೂಮಿಯ ದುಂಡು ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಒಂದು ಗ್ಲೋಬ್ ಮತ್ತು ಹೊಲಿಗೆಯ ದಾರ ಇದ್ದರೆ ಆಯಿತು. ಮಕ್ಕಳ ಓದಿನ ಮೇಜಿನ ಮೇಲಿರುವ, ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ತೆಗೆದುಕೊಳ್ಳಿ. ದಾರವನ್ನು ಸಮಭಾಜಕ ವೃತ್ತದ ಸುತ್ತ ಸುತ್ತಿದರೆ 63 ಸೆಂಟಿಮೀಟರ್ ಆಗುತ್ತದೆ. ಅದು ಭೂಮಿಯ 40,000 ಕಿ.ಮೀ.ಗೆ ಸಮ. ಹಾಗಾಗಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 635 ಕಿ.ಮೀ. ಈಗ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರವು ಪೆಸಿಫಿಕ್ ಸಾಗರವನ್ನು ಅಡ್ಡಡ್ಡ ದಾಟದೆ, ಜಾರಿ ಜಾರಿ ಮೇಲಕ್ಕೆ ಹೋಗಿ, ಚೀನಾ ಮತ್ತು ಸೈಬೀರಿಯಾಗಳ ಮೇಲೆ ಹಾದು, 71ನೇ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಉದ್ದ 22 ಸೆಂಟಿಮೀಟರ್, ಅಂದರೆ 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯುವವರಿಗೆ ಈ ದಾರಿ ಹೊಳೆಯುವುದೇ ಇಲ್ಲ. ಗೋಳದ ಮೇಲಿನ ಈ ಅತಿ ಹತ್ತಿರದ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು.

ಆದರೆ ವಿಮಾನ ದಾರದ ಮೇಲೆಯೇ ಹಾರುತ್ತದೆಂದು ತಿಳಿಯಬಾರದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ಒಳಗಿನ ಗಾಳಿಯೊತ್ತಡ ಕುಸಿದರೆ ವಿಮಾನ ತಕ್ಷಣ ಸುಮಾರು 3,000 ಮೀಟರಿಗೆ ಇಳಿಯಬೇಕಾಗುವುದರಿಂದ ಅಲ್ಲಿ ಬಹುಹೊತ್ತು ಹಾರುವುದನ್ನು ವಿಮಾನಸಂಸ್ಥೆಗಳು ತಪ್ಪಿಸುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ನೇರ ಹಾರಾಟವನ್ನು ಆರಂಭಿಸಿದಾಗ, ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್ಟಿನಲ್ಲಿ ಮಹಿಳೆಯರೇ ಇದ್ದ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದ ಬಂದಿತು. ಹಾರಿದ ದೂರ 16,000 ಕಿ.ಮೀ. ಆಸುಪಾಸು ಎಂದು ಆಗ ವರದಿಯಾಗಿತ್ತು. ದೇಶದೊಳಗೆ ಇಷ್ಟು ವ್ಯತ್ಯಾಸವಿಲ್ಲವಾದರೂ, ನಿಗದಿತ ವಾಯುಮಾರ್ಗ, ಏರುವ ಇಳಿಯುವ ದಿಕ್ಕು, ಸೇನೆಗೆ ಮೀಸಲಾದ ಆಕಾಶ ಇವುಗಳಿಂದಾಗಿ ನೇರ ದೂರಕ್ಕೆ ನೂರಕ್ಕೆ ನಾಲ್ಕೈದರಷ್ಟು ಸೇರಿಸಿಕೊಳ್ಳುವುದು ವಾಡಿಕೆ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಉತ್ತರದ ದಿಲ್ಲಿಗೆ ಹೋಗುವ ವಿಮಾನವೂ ಗಾಳಿಗೆ ಮುಖ ಮಾಡಿ ಪೂರ್ವಕ್ಕೋ ಪಶ್ಚಿಮಕ್ಕೋ ಏರಿ ಆಮೇಲೆ ತಿರುಗಬೇಕು.

ಇಲ್ಲಿ ಅಳತೆಯ ಒಂದು ಗೊಂದಲವನ್ನೂ ನಿವಾರಿಸಿಕೊಳ್ಳುವುದು ಒಳ್ಳೆಯದು. ಕೆಲವು ಆ್ಯಪ್‌ಗಳು ಬೆಂಗಳೂರು-ದಿಲ್ಲಿಯ ಇದೇ 1,710 ಕಿ.ಮೀ. ದೂರವನ್ನು 1,063 ಎಂದೂ ಇನ್ನು ಕೆಲವು 923 ಎಂದೂ ತೋರಿಸುತ್ತವೆ. ಮೊದಲನೆಯದು ಸಾಮಾನ್ಯ ಮೈಲಿ (1.609 ಕಿ.ಮೀ.), ಎರಡನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ (1.852 ಕಿ.ಮೀ.).

ಮೂರನೇ ಹೆಜ್ಜೆ: ದೂರವನ್ನು ಸಮಯವಾಗಿಸುವುದು

ದೇಶದೊಳಗಿನ ಹಾರಾಟಗಳಲ್ಲಿ ಹೆಚ್ಚಾಗಿ ಕಾಣುವ ಏರ್‌ಬಸ್ 320 ಅಥವಾ ಬೋಯಿಂಗ್ 737 ವಿಮಾನಗಳು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತವೆ. 1,710ನ್ನು 830ರಿಂದ ಭಾಗಿಸಿದರೆ ಎರಡು ಗಂಟೆ ನಾಲ್ಕು ನಿಮಿಷ ಬರುತ್ತದೆ; ಟಿಕೆಟಿನಲ್ಲಿರುವುದು ಎರಡು ಗಂಟೆ ಐವತ್ತು ನಿಮಿಷ. ನಡುವಿನ ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ಟಿಕೆಟಿನಲ್ಲಿ ಅಚ್ಚಾಗುವುದು ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಹಿಂದಕ್ಕೆ ಸರಿಯುವ ಕ್ಷಣದಿಂದ ಹಿಡಿದು, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ಪೂರ್ತಿ ನಿಲ್ಲುವವರೆಗಿನ ಅವಧಿ ಅದು. ಈ ಉದ್ಯಮದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಅದರಲ್ಲಿ ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ನಿಧಾನವಾಗಿ ಮೇಲೇರುವುದು, ಅಷ್ಟೇ ನಿಧಾನವಾಗಿ ಕೆಳಗಿಳಿಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲವೂ ಸೇರಿವೆ. ಪೈಲಟ್ ಹೇಳುವ ಎರಡೂಕಾಲು ಗಂಟೆ ಚಕ್ರ ನೆಲ ಬಿಟ್ಟಲ್ಲಿಂದ ಚಕ್ರ ನೆಲ ಮುಟ್ಟುವವರೆಗಿನದು. ದಿಲ್ಲಿಯಂಥ ನಾಲ್ಕು ರನ್‌ವೇಗಳ ನಿಲ್ದಾಣದಲ್ಲಿ ಇಳಿದ ಮೇಲೆ ಕಾಲು ಗಂಟೆ ಉರುಳುವುದು ಮಾಮೂಲು. ಇವಲ್ಲದೆ ಸಂಸ್ಥೆಗಳು ತಡವಾದರೂ ಸಮಯಕ್ಕೆ ತಲುಪಿದಂತೆ ತೋರಲಿ ಎಂದು ಹತ್ತು ನಿಮಿಷ ಹೆಚ್ಚೇ ಬರೆದುಕೊಳ್ಳುತ್ತವೆ ಎಂಬುದು ನನ್ನ ಗುಮಾನಿ. "ನಿಗದಿಗಿಂತ ಮೊದಲೇ ತಲುಪಿದ್ದೇವೆ" ಎಂಬ ಪ್ರಕಟಣೆಯ ಸಡಗರವನ್ನು ಕೇಳಿದವರಿಗೆಲ್ಲ ಈ ಗುಮಾನಿ ಬಂದೇ ಇರುತ್ತದೆ.

ಇಷ್ಟನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುವ ಬದಲು ನಾನು ಬಳಸುವ ಒಂದು ಸಾಲಿನ ಸೂತ್ರವಿದೆ: ನೇರ ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗಳಿಗೆ 40 ನಿಮಿಷ ಸೇರಿಸಬೇಕು. ದಿಲ್ಲಿಗೆ ಎರಡು ಗಂಟೆ ಎಂಟು ನಿಮಿಷ, ಅದಕ್ಕೆ ನಲವತ್ತು ಸೇರಿ 2 ಗಂಟೆ 48 ನಿಮಿಷ. ಕೋಲ್ಕತ್ತಕ್ಕೆ 2 ಗಂಟೆ 36 ನಿಮಿಷ. ಮುಂಬೈಗೆ, 834 ಕಿ.ಮೀ. ದೂರಕ್ಕೆ, 1 ಗಂಟೆ 43 ನಿಮಿಷ. ಮುಂಬೈ ರನ್‌ವೇಯ ದಟ್ಟಣೆ ಗೊತ್ತಿರುವವರು ಇನ್ನೊಂದು ಹತ್ತು ನಿಮಿಷ ಸೇರಿಸಿಕೊಳ್ಳುವುದು ಒಳಿತು. ಈ ಸೂತ್ರ ರೆಕ್ಕೆಯ ಮೇಲೆ ಪ್ರೊಪೆಲ್ಲರ್ ತಿರುಗುವ ಎಟಿಆರ್ 72ರಂಥ ವಿಮಾನಗಳಿಗೆ ಹೊಂದುವುದಿಲ್ಲ. ಅವುಗಳ ವೇಗ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲೇ ಇರುವುದರಿಂದ 450ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಬೇಕು. ಬೆಂಗಳೂರು-ಹುಬ್ಬಳ್ಳಿಯ 370 ಕಿ.ಮೀ.ಗೆ ಹೀಗೆ ಸುಮಾರು ಒಂದೂಕಾಲು ಗಂಟೆ ಬರುತ್ತದೆ.

ನಾಲ್ಕನೇ ಹೆಜ್ಜೆ: ಗಾಳಿಯನ್ನು ಗಣನೆಗೆ ತೆಗೆದುಕೊಳ್ಳುವುದು

ಹೋಗುವಾಗಿನ ಸಮಯವೂ ಬರುವಾಗಿನ ಸಮಯವೂ ಬೇರೆಯಾಗುವುದು ಗಾಳಿಯಿಂದ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹ ಬಹಳ ಬಿರುಸಾಗಿರುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಇದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಪ್ರವಾಹ ಏಳುತ್ತದೆ. ಬೆಂಗಳೂರು-ದಿಲ್ಲಿ ಹಾರಾಟಕ್ಕೆ ಇವೆರಡೂ ಪಕ್ಕದಿಂದ ಬರುವ ಗಾಳಿಗಳಾದ್ದರಿಂದ ಹೋಗುವಾಗ ಬರುವಾಗ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲ. ಪೂರ್ವ-ಪಶ್ಚಿಮದ ದಾರಿಗಳಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ.

ಬೆಂಗಳೂರು-ದುಬೈ ದಾರಿ 2,700 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 830ರ ವೇಗದಲ್ಲಿ ಮೇಲಿನ ಹಾರಾಟಕ್ಕೆ 3 ಗಂಟೆ 15 ನಿಮಿಷ ಸಾಕು. ಗಂಟೆಗೆ ನೂರು ಕಿಲೋಮೀಟರಿನ ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 730ಕ್ಕೆ ಇಳಿದು ಅದೇ ದಾರಿ 3 ಗಂಟೆ 42 ನಿಮಿಷವಾಗುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದು 2 ಗಂಟೆ 54 ನಿಮಿಷಕ್ಕೆ ಇಳಿಯುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪೂರ್ತಿ ಪಡೆದೆವಲ್ಲ ಎಂದುಕೊಂಡರೆ ಅದು ತಪ್ಪು: ಹೋದದ್ದು 27 ನಿಮಿಷ, ಬಂದದ್ದು 21 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಗಾಳಿ ಇಲ್ಲಿ ಆರು ನಿಮಿಷವನ್ನು ತನ್ನ ಬಳಿಯೇ ಉಳಿಸಿಕೊಳ್ಳುತ್ತದೆ. ಎಣ್ಣೆಹೊಳೆಯಲ್ಲೋ ತುಂಗೆಯಲ್ಲೋ ದೋಣಿ ಹುಟ್ಟುಹಾಕಿ ಮೇಲಕ್ಕೂ ಕೆಳಕ್ಕೂ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಐದನೇ ಹೆಜ್ಜೆ: ಗಡಿಯಾರ ಬದಲಾದಾಗ

ದಿಲ್ಲಿಗೆ ಹೋಗುವವರು ಈ ಹೆಜ್ಜೆಯನ್ನು ದಾಟಿಬಿಡಬಹುದು. ಹೊರದೇಶಕ್ಕೆ ಹೋಗುವವರು ನೆನಪಿಡಬೇಕಾದದ್ದು, ಟಿಕೆಟಿನ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು ಎಂಬುದನ್ನು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಬೆಂಗಳೂರಿನಿಂದ ಬೆಳಗ್ಗೆ 10ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ದುಬೈ ತಲುಪುತ್ತದೆಂದು ಟಿಕೆಟಿನಲ್ಲಿದ್ದರೆ ಎರಡೂವರೆ ಗಂಟೆಯ ಪ್ರಯಾಣವೆಂದು ಭಾವಿಸಬಾರದು. ಒಂದೂವರೆ ಗಂಟೆ ಸೇರಿಸಿದರೆ ಸಿಗುವ ನಾಲ್ಕು ಗಂಟೆಯೇ ನಿಜವಾದ ಅವಧಿ. ಮರಳುವಾಗ ರಾತ್ರಿ 10ಕ್ಕೆ ಹೊರಟು ನಸುಕಿನ 3.10ಕ್ಕೆ ಇಳಿದರೆ, ಕಾಣುವ ಐದು ಗಂಟೆ ಹತ್ತು ನಿಮಿಷದಿಂದ ಒಂದೂವರೆ ಗಂಟೆ ಕಳೆಯಬೇಕು. ಇಂಥ ಟಿಕೆಟಿನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ಚಿಕ್ಕದಾಗಿ "+1" ಎಂದಿರುತ್ತದೆ. ಅದು ಮರುದಿನ ಎಂಬುದರ ಗುರುತು. ಅದನ್ನು ಗಮನಿಸದೆ ಹಿಂದಿನ ದಿನದ ನಸುಕಿನಲ್ಲೇ ನಿಲ್ದಾಣಕ್ಕೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕಾಫಿ ಕುಡಿದು ವಾಪಸಾದವರು ನಮ್ಮ ಬಳಗದಲ್ಲೇ ಇದ್ದಾರೆ.

ಲಂಡನ್ನಿನ ಗಡಿಯಾರ ವರ್ಷಕ್ಕೆ ಎರಡು ಸಲ ತಾನೇ ಬದಲಾಗುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ಅಂತರ, ಉಳಿದ ತಿಂಗಳುಗಳಲ್ಲಿ ಐದೂವರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂತರ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ. ಮೇಲೆ ಹೇಳಿದ 2021ರ ವಿಮಾನ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ತಾರೀಕು ಮಾತ್ರ ನೋಡಿದರೆ ಎರಡು ದಿನ. ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ.

ದೂರದ ಹಾರಾಟಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಳೆಯ ಅಂಕಿಗಳನ್ನು ನಂಬಬೇಡಿ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಸಂಸ್ಥೆಗಳಿಗೆ ಮುಚ್ಚಿದ ಮೇಲೆ ದಿಲ್ಲಿಯಿಂದ ಯೂರೋಪಿಗೂ ಅಮೆರಿಕಕ್ಕೂ ಹೋಗುವ ಅವುಗಳ ವಿಮಾನಗಳು ದಕ್ಷಿಣಕ್ಕೆ ಬಳಸಿ ಹಾರಬೇಕಾಯಿತು. ನಗರಗಳ ನಡುವಿನ ದೂರ ಒಂದಿಂಚೂ ಬದಲಾಗಲಿಲ್ಲ, ಸಮಯ ಬದಲಾಯಿತು. ಟಿಕೆಟ್ ಕೊಳ್ಳುವ ದಿನದ ವೇಳಾಪಟ್ಟಿಯೇ ಪ್ರಮಾಣ.

ಆರನೇ ಹೆಜ್ಜೆ: ಮನೆಯಿಂದ ಮನೆಗೆ

ಇಡೀ ಲೆಕ್ಕದಲ್ಲಿ ಜನ ಎಡವುವುದು ಇಲ್ಲಿಯೇ. ಮಾವನ ವಿಮಾನ ಬೆಳಗ್ಗೆ 9.40ಕ್ಕೆ ಹೊರಟು 12.30ಕ್ಕೆ ದಿಲ್ಲಿ ತಲುಪುವುದಿತ್ತು. ನಾವು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವುದನ್ನು ಬಿಟ್ಟು ಹೊರಡುವ ಸಮಯದಿಂದ ಹಿಮ್ಮುಖವಾಗಿ ಇಳಿದೆವು. ದೇಶದೊಳಗಿನ ಪ್ರಯಾಣಕ್ಕೆ ಬ್ಯಾಗು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತಾರೆ, ಗೇಟನ್ನು ಸುಮಾರು 25 ನಿಮಿಷ ಮೊದಲು. ಅಂದರೆ 8.40ರ ಒಳಗೆ ಬ್ಯಾಗು ಒಪ್ಪಿಸಿರಲೇಬೇಕು. ವಯಸ್ಸಾದವರು, ಮೊದಲ ಸಲ ಹೋಗುವವರು ಆದ್ದರಿಂದ ನಿಲ್ದಾಣದ ಬಾಗಿಲಲ್ಲಿ 7.40ಕ್ಕೆ ಇರುವುದೆಂದು ತೀರ್ಮಾನಿಸಿದೆವು. ಬಸವನಗುಡಿಯ ನಮ್ಮ ಮನೆಯಿಂದ ದೇವನಹಳ್ಳಿಗೆ ಬೆಳಗಿನ ಹೊತ್ತಿನಲ್ಲಿ ಒಂದೂಕಾಲು ಗಂಟೆ. ಹೆಬ್ಬಾಳದ ಫ್ಲೈಓವರ್ ಮೇಲೆ ಭರವಸೆ ಇಡಲಾಗದ್ದರಿಂದ ಹತ್ತು ನಿಮಿಷ ಸೇರಿಸಿ, 6.15ಕ್ಕೆ ಹೊರಡುವುದೆಂದಾಯಿತು. ಬಿಎಂಟಿಸಿಯ ವಾಯು ವಜ್ರ ಬಸ್ಸಿನಲ್ಲಿ ಹೋಗುವವರು ಬಸ್ಸಿಗೆ ಕಾಯುವ ಸಮಯವನ್ನೂ ಇಲ್ಲಿಯೇ ಸೇರಿಸಬೇಕು. ಮೈಸೂರಿನವರಿಗೆ ಕೆಎಸ್ಆರ್‌ಟಿಸಿಯ ಫ್ಲೈಬಸ್ ಊರಿನಿಂದ ನೇರವಾಗಿ ನಿಲ್ದಾಣಕ್ಕೇ ಇದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು ಮತ್ತು ದಿಲ್ಲಿಗಳಲ್ಲಿ ಆರಂಭವಾದ, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿಕೊಂಡರೆ ಬಾಗಿಲ ಸಾಲಿನಲ್ಲಿ ಒಂದಿಷ್ಟು ನಿಮಿಷ ಉಳಿಯುತ್ತದೆ. ಮಾವ ಮುಖ ತೋರಿಸಿ ಒಳಗೆ ಹೋಗುವುದಕ್ಕೆ ಒಪ್ಪಲಿಲ್ಲ, ಆಧಾರ್ ಕಾರ್ಡನ್ನೇ ತೋರಿಸಿದರು.

ಆ ಕಡೆ, 12.30ಕ್ಕೆ ವಿಮಾನ ನಿಂತ ಮೇಲೆ ಇಳಿದು ಬರಲು, ಬ್ಯಾಗು ಪಡೆಯಲು ಅರ್ಧ ಗಂಟೆ. ಅಳಿಯಂದಿರ ಮನೆ ದ್ವಾರಕದಲ್ಲಿ, ನಿಲ್ದಾಣದಿಂದ ಕಾರಿನಲ್ಲಿ ಅರ್ಧ ಗಂಟೆ. ಒಟ್ಟು ಬಸವನಗುಡಿಯಿಂದ ದ್ವಾರಕಕ್ಕೆ 7 ಗಂಟೆ 15 ನಿಮಿಷ. ಅದರಲ್ಲಿ ಆಕಾಶದಲ್ಲಿ ಇರುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇದಕ್ಕೆ ಶಿವಮೊಗ್ಗದಿಂದ ಬೆಂಗಳೂರಿಗೆ ಬಂದ ರಾತ್ರಿ ಬಸ್ಸಿನ ಹೊತ್ತು ಬೇರೆ.

ಈ ಲೆಕ್ಕವನ್ನು ಒಮ್ಮೆ ಮಾಡಿದವರಿಗೆ ವಿಮಾನ ಯಾವಾಗ ಲಾಭ ಎಂಬುದು ತಾನೇ ತಿಳಿಯುತ್ತದೆ. ದಿಲ್ಲಿಗೆ ರಾಜಧಾನಿ ಎಕ್ಸ್‌ಪ್ರೆಸ್ಸಿನಲ್ಲಿ ಮೂವತ್ತಮೂರು ಗಂಟೆಗೂ ಹೆಚ್ಚು ಹಿಡಿಯುವುದರಿಂದ ಅಲ್ಲಿ ವಿಮಾನದ ಮುಂದೆ ವಾದವಿಲ್ಲ. ಹುಬ್ಬಳ್ಳಿಯ ಕಥೆ ಬೇರೆ. ಒಂದೂಕಾಲು ಗಂಟೆಯ ಹಾರಾಟಕ್ಕೆ ಈ ಕಡೆಯ ಮೂರು ಗಂಟೆ, ಆ ಕಡೆಯ ಮುಕ್ಕಾಲು ಗಂಟೆ ಸೇರಿಸಿದರೆ ಐದು ಗಂಟೆ ಆಯಿತು. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ರೈಲು ಮೆಜೆಸ್ಟಿಕ್ಕಿನಿಂದ ಹೊರಟು ಸುಮಾರು ಐದು ಗಂಟೆಯಲ್ಲಿ ಹುಬ್ಬಳ್ಳಿಯ ಊರೊಳಗೇ ಇಳಿಸುತ್ತದೆ. ದಕ್ಷಿಣ ಬೆಂಗಳೂರಿನವರಾದರೆ ನಾನು ರೈಲನ್ನೇ ಸೂಚಿಸುತ್ತೇನೆ. ಯಲಹಂಕದವರ ಲೆಕ್ಕ ಬೇರೆ ಬರಬಹುದು.

ಏಳನೇ ಹೆಜ್ಜೆ: ತಡವಾದರೆ

ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ದಿಲ್ಲಿಯ ಮಂಜು ಎಲ್ಲ ಸೂತ್ರಗಳನ್ನೂ ಕೆಡಿಸುತ್ತದೆ. ಮಂಜು ದಟ್ಟವಾಗಿರುವುದು ನಡುರಾತ್ರಿಯಿಂದ ಬೆಳಗಿನ ಒಂಬತ್ತು-ಹತ್ತರವರೆಗೆ; ಆದ್ದರಿಂದ ಆ ಅವಧಿಯಲ್ಲಿ ಹೋಗುವವರು ಮಧ್ಯಾಹ್ನದ ಹೊತ್ತಿಗೆ ದಿಲ್ಲಿ ತಲುಪುವ ವಿಮಾನವನ್ನು ಆರಿಸಿಕೊಳ್ಳುವುದು ಜಾಣತನ. ಅಲ್ಲಿಂದ ಬೇರೆ ಟಿಕೆಟಿನಲ್ಲಿ ಹೊರದೇಶದ ವಿಮಾನ ಹಿಡಿಯುವವರು ಕನಿಷ್ಠ ನಾಲ್ಕೈದು ಗಂಟೆಯ ಅಂತರ ಇಟ್ಟುಕೊಳ್ಳಬೇಕು, ಏಕೆಂದರೆ ಎರಡು ಟಿಕೆಟ್ ಬೇರೆಬೇರೆಯಾದಾಗ ಮೊದಲನೆಯದು ತಡವಾದುದಕ್ಕೆ ಎರಡನೆಯ ಸಂಸ್ಥೆ ಹೊಣೆಯಾಗುವುದಿಲ್ಲ.

ಬ್ಲಾಕ್ ಟೈಮ್ ಎಂಬ ಅಂಕಿ ಪ್ರಯಾಣಿಕರ ಹಕ್ಕಿಗೂ ಸಂಬಂಧಿಸಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಬ್ಲಾಕ್ ಟೈಮ್ ಎರಡೂವರೆ ಗಂಟೆಯವರೆಗಿರುವ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾಗುವುದಿದ್ದರೆ, ಸಮಯಕ್ಕೆ ಬಂದು ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ ಸಂಸ್ಥೆ ಊಟ-ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯ ಹಾರಾಟಗಳಿಗೆ ಈ ಮಿತಿ ಮೂರು ಗಂಟೆ, ಅದಕ್ಕೂ ದೊಡ್ಡವಕ್ಕೆ ನಾಲ್ಕು ಗಂಟೆ. ಬೆಂಗಳೂರು-ಮುಂಬೈ ಮೊದಲ ಗುಂಪಿಗೆ ಸೇರುತ್ತದೆ, ಬೆಂಗಳೂರು-ದಿಲ್ಲಿ ಎರಡನೆಯದಕ್ಕೆ. ಕೌಂಟರಿನಲ್ಲಿ ಕೇಳುವ ಮೊದಲು ನಿಮ್ಮ ಟಿಕೆಟಿನ ಎರಡು ಸಮಯಗಳ ನಡುವಿನ ಅಂತರ ನೋಡಿಕೊಂಡರೆ ಸಾಕು.

ಮಾವನ ಕರೆಯೋಲೆಯ ಹಿಂದೆ ಕೊನೆಗೆ ಉಳಿದದ್ದು ಒಂದೇ ಅಂಕಿ: ಮಧ್ಯಾಹ್ನ 1 ಗಂಟೆ, ಅಳಿಯಂದಿರು ಬರಬೇಕಾದ ಹೊತ್ತು. ವಿಮಾನ 12.14ಕ್ಕೆ ನೆಲ ಮುಟ್ಟಿತು. ಚಕ್ರ ತಾಗಿದ ಸದ್ದಿಗೇ ಮಾವ ಮೊಬೈಲ್ ಹಚ್ಚಿ "ಬಂದೆ" ಎಂದುಬಿಟ್ಟರು. ಅಳಿಯಂದಿರು ಲೆಕ್ಕವನ್ನು ಪಕ್ಕಕ್ಕಿಟ್ಟು ಕೂಡಲೇ ಕಾರು ತೆಗೆದರು. ವಿಮಾನ ಉರುಳಿ ಗೇಟಿಗೆ ಬಂದು ನಿಂತದ್ದು 12.31ಕ್ಕೆ, ಬ್ಯಾಗು ಕೈಗೆ ಸಿಕ್ಕಿದ್ದು 12.57ಕ್ಕೆ. ಹೊರಗೆ ಕಾರನ್ನು ಬಹಳ ಹೊತ್ತು ನಿಲ್ಲಿಸಲು ಬಿಡದ ಜಾಗದಲ್ಲಿ ಅವರು ಅಷ್ಟರಲ್ಲಿ ಎರಡು ಸುತ್ತು ಹಾಕಿದ್ದರು.